ಪದುಮೆ ಹೇಳಿದ ತೀರ್ಪು

ಬಹಳ ಕಾಲದ ಹಿಂದೆ, ಏಳು ಕೆರೆಗಳಾಚೆಗಿನ ಬಲ್ಲರಸನ ನಾಡಿನಲ್ಲಿ ವರ್ಷಕ್ಕೊಮ್ಮೆ ಒಳ್ಳೆಯ ಪುಸ್ತಕಕ್ಕೆ ಬಹುಮಾನ ಕೊಡುತ್ತಿದ್ದರು. ಕೊಡುವ ರೀತಿ ಕೇಳಿ ನಗಬೇಡಿ: ಪಂಡಿತರು ಪುಸ್ತಕಗಳನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು, ಭಾರವಾದದ್ದು ಗೆಲ್ಲುತ್ತಿತ್ತು. ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮಕ್ಕಳಂತೂ ಪುಸ್ತಕ ಕಂಡರೆ ಮಾರು ದೂರ.

ಓದುವವರಿಲ್ಲದೆ ಅಕ್ಷರಗಳು ಸಡಿಲವಾದವು. ಮಸಿನುಂಗನೆಂಬ ಮಾಂತ್ರಿಕ ಬಂದು ಅವನ್ನೆಲ್ಲ ಹೀರಿ ನುಂಗಿದ. ಮೂರೇ ಪುಸ್ತಕ ಉಳಿಸಿ, "ಒಂದು ಮಗು ಇವನ್ನು ಓದಿ, ಯಾವುದು ಚೆನ್ನಾಗಿದೆ ಅಂತ ನಿಜ ಹೇಳಲಿ, ನುಂಗಿದ್ದನ್ನೆಲ್ಲ ಕಕ್ಕುತ್ತೇನೆ. ಸೋತ ಎರಡು ಮಾತ್ರ ನನ್ನವು. ಸುಳ್ಳು ಹೇಳಿದರೆ ಎಲ್ಲವೂ ನನ್ನವೇ" ಎಂದ.

ಓದಲು ಬರುವ ಮಗು ನಾಡಿನಲ್ಲಿ ಒಂದೇ ಇತ್ತು, ಕಾಗದ ಮಾಡುವ ಕರಿಯಣ್ಣನ ಮಗಳು ಪದುಮೆ. ಹೋದ ವರ್ಷ ತೀರಿಕೊಂಡ ತಾಯಿ ಅವಳಿಗೆ ಓದು ಕಲಿಸಿದ್ದಳು. ಮೂರನೆಯ ಪುಸ್ತಕ ಆ ತಾಯಿ ಮಗಳಿಗೆಂದೇ ಬರೆದದ್ದು. ಅಳು ಬರುತ್ತದೆಂದು ಪದುಮೆ ಅದನ್ನಿನ್ನೂ ತೆರೆದೇ ಇರಲಿಲ್ಲ. ತಾಯಿಯ ಪುಸ್ತಕವನ್ನು ಯಾವ ಮಗು ಬಿಟ್ಟುಕೊಟ್ಟೀತು? ಅದೇ ಮಸಿನುಂಗನ ಕುಯುಕ್ತಿ.

ಮೊದಲನೆಯದು ಅರಸನ ಹೊಗಳಿಕೆ. ಹತ್ತು ಹಾಳೆಗೇ ಪದುಮೆ ತೂಕಡಿಸಿದಳು. ಎರಡನೆಯದು ಹುಲಿಯ ಮೇಲೆ ದೂರು ಕೊಡಲು ಹೊರಟ ಒಕ್ಕಣ್ಣಿನ ಕೋಳಿಯ ಕತೆ. ಊಟ ಮರೆತು ಬಿದ್ದು ಬಿದ್ದು ನಕ್ಕಳು. ಮೂರನೆಯದು ತಾಯಿಯದು, ಪುಟ ಪುಟಕ್ಕೂ ಬುದ್ಧಿಮಾತು. ಕಣ್ಣೊರೆಸಿಕೊಳ್ಳುತ್ತ ಓದಿದಳು. ಆದರೆ ಪಾಪ, ಮನಸ್ಸು ಮತ್ತೆ ಮತ್ತೆ ಕೋಳಿಯ ಹಿಂದೆ ಓಡುತ್ತಿತ್ತು.

"ಅಮ್ಮಂದೇ ಅನ್ನು ಮಗಾ," ಕರಿಯಣ್ಣ ಅಂಗಲಾಚಿದ. "ನಂಗೆ ಓದಕ್ಕೆ ಬರಲ್ಲ. ಆದ್ರೂ ಅವಳದ್ದು ಅಂತ ಅದೊಂದೇ ಉಳಿದಿರೋದು."

"ಸುಳ್ಳಾಗುತ್ತಪ್ಪಾ. ಎಲ್ಲಾ ಹೋಗುತ್ತೆ."

"ಯಾವುದು?" ಎಂದು ಮಸಿನುಂಗ ಗದರಿದ.

"ಕೋಳೀದು," ಎಂದಳು ಪದುಮೆ. ಅವಳ ಎದೆ ಒಡೆದುಹೋಯಿತು.

ನಿಜ ಕೇಳಿದೊಡನೆ ಮಾಂತ್ರಿಕನ ಹೊಟ್ಟೆ ಬಿರಿಯಿತು. ಅಕ್ಷರಗಳು ಗುಬ್ಬಿಗಳಂತೆ ಹಾರಿ ತಮ್ಮ ತಮ್ಮ ಪುಟ ಸೇರಿದವು. ಸೋತ ಎರಡು ಪುಸ್ತಕಗಳ ಅಕ್ಷರಗಳು ಮಾತ್ರ ಅವನೊಂದಿಗೇ ಬೂದಿಯಾದವು. ಅರಸ ತಕ್ಕಡಿ ಮುರಿಸಿದ. ಕೋಳಿಯ ಕತೆಗಾಗಿ ಕಿತ್ತಾಡಿ ಮಕ್ಕಳೆಲ್ಲ ಓದು ಕಲಿತರು, ಅಂದಿನಿಂದ ತಾವೇ ಓದಿ ಬಹುಮಾನ ಕೊಟ್ಟರು. ನಾಡೆಲ್ಲ ಸುಖವಾಗಿತ್ತು.

ಕರಿಯಣ್ಣ ಮಾತ್ರ ಹೆಂಡತಿಯ ಪುಸ್ತಕದ ಖಾಲಿ ಹಾಳೆಗಳನ್ನು ಸವರುತ್ತ ಕೇಳಿದ, "ಏನೇನು ಬರೆದಿದ್ಲು ಮಗಾ?"

ಪದುಮೆ ನೆನಪಿಸಿಕೊಂಡಳು. ಕೋಳಿಯ ಕತೆ ಪೂರ್ತಿ ಬಂತು. ಅಮ್ಮನದು ಬಂದದ್ದು ಒಂದೇ ಸಾಲು.

"ತಲೆಗೆ ನೀರು ಹಾಕ್ಕೊಂಡ್ರೆ ಚೆನ್ನಾಗಿ ಒರೆಸ್ಕೋ, ಶೀತ ಆಗುತ್ತೆ, ಅಂತ. ಮಿಕ್ಕಿದ್ದು ನೆನಪಿಲ್ಲಪ್ಪಾ," ಎಂದು ಬಿಕ್ಕಿದಳು.

"ಅವಳೇ, ಅವಳ ಮಾತೇ," ಎಂದು ಕರಿಯಣ್ಣ ಮಗಳನ್ನು ತಬ್ಬಿಕೊಂಡು ಅತ್ತ. "ಇನ್ನೊಂದ್ಸಲ ಹೇಳು."