ಕೂದಲಿಗಿಂತ ಸಣ್ಣ ಅಕ್ಷರ

ಶಾಲೆಯಿಂದ ಬಂದ ರೇಡಿಯೋ ಎಂಬ ಹುಡುಗಿ ಶೂಗಳನ್ನು ಹೊರಗೇ ಬಿಚ್ಚಿ, ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಬಂದಳು. ಬ್ಯಾಗನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿದಳು. ಸದ್ದಾಗಬಾರದಲ್ಲ! ಅಮ್ಮನ ಕೆಲಸದ ಕೋಣೆಯ ಬಾಗಿಲಿಗೆ ಕೆಂಪು ಬಟ್ಟೆ ನೇತಾಡುತ್ತಿತ್ತು. ಅಂದರೆ ಅಮ್ಮ ಕೆತ್ತುತ್ತಿದ್ದಾಳೆ. ಆರು ಗಂಟೆಯವರೆಗೆ ಮಾತಿಲ್ಲ, ಓಡಾಟವಿಲ್ಲ. ಕೆಮ್ಮು ಬಂದರೂ ದಿಂಬಿಗೆ ಮುಖ ಒತ್ತಿಕೊಂಡೇ ಕೆಮ್ಮಬೇಕು.

ಈಗಿನ್ನೂ ನಾಲ್ಕು ಗಂಟೆ.

ರೇಡಿಯೋ ಅಂತ ಹೆಸರಿಟ್ಟಿದ್ದು ಹಳೆಯ ಶಾಲೆಯ ಗೆಳತಿಯರು. ಬಾಯಿಗೆ ಬೀಗವೇ ಇಲ್ಲದ ಹುಡುಗಿ ಅವಳು. ಆದರೆ ಈ ಊರಿಗೆ ಬಂದು ಎರಡು ತಿಂಗಳಾಯಿತು, ಅವಳ ಮಾತು ಕೇಳುವವರೇ ಇಲ್ಲ. ಹಡಗಿನ ಕೆಲಸಕ್ಕೆ ಹೋದ ಅಪ್ಪ ಬರುವುದು ಆರು ತಿಂಗಳಿಗೊಮ್ಮೆ. ಹೊಸ ಶಾಲೆಯಲ್ಲಿ ಎಲ್ಲರಿಗೂ ಆಗಲೇ ಫ್ರೆಂಡ್ಸ್ ಇದ್ದಾರೆ. ಇವತ್ತು ಪಿ.ಟಿ. ಪೀರಿಯಡ್‌ನಲ್ಲಿ ಎರಡು ಟೀಮ್ ಮಾಡಿದರು. ಕೊನೆಗೆ ಉಳಿದವಳು ಇವಳೊಬ್ಬಳೇ.

"ನೀನು ಸ್ಕೋರ್ ಬರಿ" ಅಂದರು. ಆಮೇಲೆ ಸ್ಕೋರ್ ಎಷ್ಟು ಅಂತ ಯಾರೂ ಕೇಳಲೇ ಇಲ್ಲ.

ಇದನ್ನು ಅಮ್ಮನಿಗೆ ಈಗಲೇ ಹೇಳಬೇಕಿತ್ತು. ಇನ್ನೂ ಎರಡು ಗಂಟೆ ಕಾಯುವುದು ಹೇಗೆ?

ಅವಳು ಬಾಗಿಲನ್ನು ಚೂರೇ ಚೂರು ತಳ್ಳಿದಳು. ಅಮ್ಮ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತಿದ್ದಳು. ಕಿವಿಯಲ್ಲಿ ಡಾಕ್ಟರ ಸ್ಟೆತಸ್ಕೋಪು. ಅದರ ಬಿಲ್ಲೆಯನ್ನು ತನ್ನ ಎದೆಗೇ ಕಟ್ಟಿಕೊಂಡಿದ್ದಳು. ಗಡಿಯಾರದ ಅಂಗಡಿಯ ತಾತ ಒಂದು ಕೈಗಡಿಯಾರದ ಮುಚ್ಚಳ ಕೊಟ್ಟಿದ್ದರು. ಅದರ ಒಳಗೆ, ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ, ಒಂದು ಇಡೀ ಪತ್ರ ಕೆತ್ತಬೇಕಂತೆ! ಅಕ್ಷರ ಕೂದಲಿಗಿಂತ ಸಣ್ಣ. ಎದೆ ಒಂದು ಸಲ ಬಡಿದರೂ ಕೈ ಅಲುಗುತ್ತದೆ. ಅದಕ್ಕೇ ಎರಡು ಬಡಿತಗಳ ನಡುವೆ ಅಮ್ಮ ಒಂದೇ ಒಂದು ಗೆರೆ ಎಳೆಯುತ್ತಾಳೆ.

"ಅಮ್ಮಾ" ಎಂದಳು ರೇಡಿಯೋ.

ಅಮ್ಮನಿಗೆ ತನ್ನ ಎದೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಅಮ್ಮಾ!"

ಊಹೂಂ. ರೇಡಿಯೋಗೆ ಸಿಟ್ಟು ನೆತ್ತಿಗೇರಿತು. ಕಾಲೆತ್ತಿ ನೆಲಕ್ಕೆ ಧಡ್ ಅಂತ ಒದ್ದಳು.

ಅಮ್ಮನ ಕೈ ಹಾರಿತು. ಅವಳು ತುಂಬ ಹೊತ್ತು ಮಸೂರದೊಳಗೇ ನೋಡುತ್ತಿದ್ದು, ಆಮೇಲೆ ಸ್ಟೆತಸ್ಕೋಪು ತೆಗೆದಳು.

"ಹೋಯ್ತು" ಅಂದಳು. "ಮೂರು ವಾರದ ಕೆಲಸ ಪುಟ್ಟಿ. ಅಕ್ಷರಗಳ ಮೇಲೆ ಅಡ್ಡಗೆರೆ ಬಿತ್ತು."

ಬೈಗುಳ ಬರುತ್ತದೆಂದು ರೇಡಿಯೋ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಅಮ್ಮ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತಾತನಿಗೆ ಫೋನ್ ಮಾಡಲು ಮೆಟ್ಟಿಲ ಬಳಿ ಹೋದಳು. ಎರಡು ಏಟು ಕೊಟ್ಟಿದ್ದರೇ ವಾಸಿಯಿತ್ತು.

ರೇಡಿಯೋ ಕೋಣೆಯೊಳಗೆ ಬಂದಳು. ಅಲ್ಲಿದ್ದದ್ದು ಒಂದೇ ಸ್ಟೂಲು. ಮೇಜಿನ ತುದಿಯಲ್ಲಿ ಇನ್ನೊಂದು ಹಳೆಯ ಮೈಕ್ರೋಸ್ಕೋಪು, ಅದರ ಕೆಳಗೆ ಹೆಬ್ಬೆರಳಗಲದ ಹಿತ್ತಾಳೆ ತುಂಡು. ದಿನಾ ಬೆಳಗ್ಗೆ ಕೆತ್ತುವ ಸೂಜಿಯನ್ನು ಮಸೆದ ಮೇಲೆ, ಮೊನೆ ಸರಿಯಾಗಿದೆಯೇ ಎಂದು ಅಮ್ಮ ಇದರ ಮೇಲೆಯೇ ಬರೆದು ನೋಡುತ್ತಿದ್ದಳು. ಅ ಆ ಇ ಈ ಬರೆಯುತ್ತಾಳೇನೋ ಎಂದುಕೊಂಡಿದ್ದಳು ರೇಡಿಯೋ. ಕಣ್ಣಿಟ್ಟು, ತಿರುಗಣೆ ತಿರುಗಿಸಿದಳು. ಮಂಜಾಗಿದ್ದ ಗೀರುಗಳು ಅಕ್ಷರಗಳಾದವು.

"ನಿನ್ನೆ ಇಡೀ ದಿನ ಯಾರ ಹತ್ತಿರವೂ ಮಾತಾಡಲಿಲ್ಲ."

ಅದರ ಕೆಳಗೆ, "ಪುಟ್ಟಿಯ ಊಟದ ಡಬ್ಬಿ ಹಾಗೇ ವಾಪಸ್ ಬಂತು. ಕೇಳಿದರೆ ಏನೂ ಇಲ್ಲ ಅಂತಾಳೆ."

ಎಲ್ಲಕ್ಕಿಂತ ಕೆಳಗೆ, ಇವತ್ತಿನದು. "ನಾಲ್ಕಕ್ಕೆ ಪುಟ್ಟಿ ಬರುತ್ತಾಳೆ. ಎಷ್ಟು ಮೆಲ್ಲಗೆ ಬಂದರೂ ನೆಲ ಅದುರುವುದರಲ್ಲೇ ಗೊತ್ತಾಗುತ್ತದೆ. ನನ್ನ ಎದೆ ಓಡಲು ಶುರುಮಾಡುತ್ತದೆ. ಆಗ ಸ್ವಲ್ಪ ಹೊತ್ತು ಸೂಜಿ ಎತ್ತಿಕೊಂಡು ಸುಮ್ಮನೆ ಕೂರಬೇಕು."

ರೇಡಿಯೋ ಅದನ್ನು ಎರಡು ಸಲ ಓದಿದಳು. ಅಕ್ಷರಗಳು ಮತ್ತೆ ಮಂಜಾದವು. ತಿರುಗಣೆ ತಿರುಗಿಸಿದರೂ ಸರಿಹೋಗಲಿಲ್ಲ, ಕಣ್ಣು ಒರೆಸಿಕೊಳ್ಳಬೇಕಾಯಿತು.

ಅಮ್ಮ ವಾಪಸ್ ಬಂದಳು. "ತಾತ ಇನ್ನೊಂದು ಮುಚ್ಚಳ ಕಳಿಸ್ತಾರಂತೆ. ಮೊದಲಿಂದ ಶುರು ಮಾಡ್ಬೇಕು."

"ಬೇಕಂತಲೇ ಒದ್ದೆ ಅಮ್ಮ. ಸಾರಿ."

"ಗೊತ್ತು. ಯಾಕೆ?"

"ನನ್ನನ್ನ ಯಾವ ಟೀಮಿಗೂ ಸೇರಿಸ್ಕೊಳ್ಳಲಿಲ್ಲ."

ಅಮ್ಮ ನೆಲದ ಮೇಲೆ ಕೂತಳು. ರೇಡಿಯೋ ಅವಳೆದುರು ಕೂತು ಎಲ್ಲ ಹೇಳಿದಳು. ಟೀಮು, ಸ್ಕೋರು, ಒಬ್ಬಳೇ ಕೂರುವ ಊಟದ ಬೆಂಚು. ಹೇಳುತ್ತಾ ಹೇಳುತ್ತಾ ನಡುವೆಯೇ ನಿಲ್ಲಿಸಿಬಿಟ್ಟಳು. ಹಾಗೆ ನಿಲ್ಲಿಸಿದ್ದು ಜೀವನದಲ್ಲೇ ಮೊದಲು.

"ನೀನ್ ಹೇಳಮ್ಮ. ಇವತ್ತು ಯಾರ ಜೊತೆ ಮಾತಾಡ್ದೆ?"

"ನಾನಾ?" ಅಮ್ಮ ಯೋಚಿಸಿದಳು. "ಹಾಲಿನವನ ಜೊತೆ."

"ಏನಂದ?"

"ಪಾತ್ರೆ ತನ್ನಿ ಅಂದ."

ನಗುವಂಥ ಮಾತೇ. ಆದರೆ ರೇಡಿಯೋಗೆ ನಗು ಬರಲಿಲ್ಲ. ಅಮ್ಮನ ಪಕ್ಕಕ್ಕೆ ಸರಿದು, ಭುಜಕ್ಕೆ ಭುಜ ತಾಗಿಸಿ ಕೂತಳು.

"ಆಮೇಲೆ?" ಎಂದು ಕೇಳಿದಳು.