ಇಪ್ಪತ್ತನೆಯ ಹೆರಿಗೆ

“ಎಲ್ಲಾರ ಮನ್ಯಾಗೂ ಸಾವು ಆಗ್ತಾವ. ಅದಕ್ಕಂತ ರೂಲ್ಸ್ ಬದ್ಲಿ ಮಾಡಾಕ ಬರ್ತದೇನವ್ವ?” ಎಂದು ಪ್ರಿನ್ಸಿಪಾಲರು ಕೇಳಿದ್ದರು. ಬೈದಿರಲಿಲ್ಲ. ಬೈದಿದ್ದರೆ ಅನುಪಮಾ ಅತ್ತು ಹಗುರಾಗಿ ಸಿಂಧನೂರಿನಿಂದ ಮಸ್ಕಿಯ ಬಸ್ಸು ಹತ್ತಿಬಿಡುತ್ತಿದ್ದಳು. ಚಹಾದಲ್ಲಿ ಬಿಸ್ಕೀಟು ಅದ್ದುತ್ತ, ಫ್ಯಾನು ಸಣ್ಣದು ಮಾಡು ಅನ್ನುವ ದನಿಯಲ್ಲಿ ಕೇಳಿದ್ದರು. ಆ ದನಿ ಅವಳ ಎದೆಯಲ್ಲಿ ಕೂತುಬಿಟ್ಟಿತು.

ಬಿ.ಎಸ್ಸಿ. ನರ್ಸಿಂಗ್‌ನ ಕೊನೆಯ ವರ್ಷ. ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಬೇಕೆಂದರೆ ಕೇಸ್‌ಬುಕ್ಕಿನಲ್ಲಿ ತಾನು ಮಾಡಿಸಿದ ಇಪ್ಪತ್ತು ಹೆರಿಗೆಗಳ ವಿವರ ಇರಬೇಕು, ಒಂದೊಂದಕ್ಕೂ ಡ್ಯೂಟಿ ಸಿಸ್ಟರಿನ ಸಹಿ ಇರಬೇಕು. ಅನುಪಮಾಳದು ಹದಿನೇಳಕ್ಕೆ ನಿಂತಿತ್ತು. ಉಳಿದ ಮೂರು ಆಗಬೇಕಿದ್ದ ದಿನಗಳಲ್ಲಿ ಅವಳು ಮಸ್ಕಿಯ ಮನೆಯಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಂದಿನ ಬ್ಯಾಚಿನ ಜೊತೆ ಮುಗಿಸಿಕೋ ಎಂದರೆ ಡಿಗ್ರಿ ಒಂದು ವರ್ಷ ಆಚೆ ಹೋಯಿತು. ಡಿಸೆಂಬರ್ ಹನ್ನೊಂದಕ್ಕೆ ಅವ್ವ ತೀರಿ ವರ್ಷ ತುಂಬುತ್ತದೆ. ಆ ದಿನ ಫೋಟೋದ ಮುಂದೆ ಡಿಗ್ರಿ ಇಡುತ್ತೇನೆ ಎಂದು ಅವಳು ಉಸಿರು ನಿಂತ ಅವ್ವನ ಕಿವಿಯಲ್ಲಿ ಹೇಳಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದಂತೂ ಹೌದು.

ಅವ್ವ ಗದ್ದೆಮ್ಮ ಹದಿನೈದು ವರ್ಷ ಆಶಾ ಕಾರ್ಯಕರ್ತೆಯಾಗಿದ್ದಳು. ಗುಲಾಬಿ ಸೀರೆ ಉಟ್ಟು, ದಿನ ತುಂಬಿದ ಹೆಂಗಸರನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತರುವವಳು. ಹೆರಿಗೆ ಕೋಣೆಯ ಬಾಗಿಲಲ್ಲಿ ಅವಳ ಕೆಲಸ ಮುಗಿಯುತ್ತಿತ್ತು. “ನನ್ನ ಜಲ್ಮ ಬಾಗಿಲ ಹೊರಗ ನಿಂತು ತೀರ್ತು. ನೀ ಒಳಗ ನಿಲ್ಲವ್ವ,” ಎಂದು ಹಟ ಹಿಡಿದು ಮಗಳನ್ನು ನರ್ಸಿಂಗಿಗೆ ಹಾಕಿದವಳೂ ಅವಳೇ. ಹೆರಿಗೆಯಾಯಿತು ಅಂದರೆ ಜಗತ್ತೆಲ್ಲ ಗಂಡೋ ಹೆಣ್ಣೋ ಎಂದು ಕೇಳುತ್ತದೆ. ಅವ್ವ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು: “ತಾಯಿ ಹೆಂಗದಾಳ?” ಮಾತು ನಿಂತ ಕೊನೆಯ ವಾರದಲ್ಲೂ ಮಗಳು ಬಂದು ಹತ್ತಿರ ಕೂತರೆ ಹುಬ್ಬು ಏರಿಸಿ ಅದನ್ನೇ ಕೇಳುತ್ತಿದ್ದಳು. ಅನುಪಮಾ ಹೂಂ ಎಂದು ತಲೆಯಾಡಿಸಿದ ಮೇಲೇ ಕಣ್ಣು ಮುಚ್ಚುವುದು.

ಹೀಗಿರುವಾಗ, ಉಳಿದ ಮೂರು ಹೆರಿಗೆಯನ್ನು ತಾನು ಮಾಡಿಸಿದ್ದೆಂದೇ ಬುಕ್ಕಿನಲ್ಲಿ ಬರೆದುಬಿಡಲು ಹೊರಟಾಗ, ಕಳ್ಳತನ ಎಂಬ ಮಾತು ಅನುಪಮಾಳ ತಲೆಗೆ ಬರಲೇ ಇಲ್ಲ. ತನ್ನ ಮೂರು ದಿನವನ್ನು ಕಾಲೇಜು ಇಟ್ಟುಕೊಂಡಿತ್ತು, ತಾನು ವಾಪಸು ತೆಗೆದುಕೊಳ್ಳುತ್ತಿದ್ದಳು, ಅಷ್ಟೇ.

ಅವಳ ಪುಣ್ಯಕ್ಕೆ ಎಲ್ಲವೂ ಕೂಡಿಬಂದಿತ್ತು. ಹಿಂದಿನ ಡಿಸೆಂಬರಿನಲ್ಲಿ ಪೋಸ್ಟಿಂಗ್ ಇದ್ದದ್ದು ಲಿಂಗಸುಗೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಒಂಬತ್ತು, ಹತ್ತು, ಹನ್ನೊಂದು, ಮೂರೂ ದಿನ ಬೆಳಿಗ್ಗೆ ಎಂಟಕ್ಕೆ ಅವಳ ಹಾಜರಿ ಬಿದ್ದಿತ್ತು. ಹಾಕಿಸಿದವರು ಡ್ಯೂಟಿ ಸಿಸ್ಟರ್ ರಮಜಾನಬಿ. “ಮೂರೂ ದಿನದ ಸಹಿ ಮಾಡಿ ಹೋಗವ್ವ. ಯಾರರ ಕೇಳಿದ್ರ ವಾರ್ಡಿನ್ಯಾಗ ಅದಾಳ ಅಂತೀನಿ. ನೀ ಹೋಗಿ ನಿಮ್ಮವ್ವನ ಮುಂದ ಕುಂದ್ರು,” ಎಂದು ಬಸ್ಸಿಗೆ ಕಳಿಸಿದ್ದರು. ಅಂಥ ಪುಣ್ಯಾತ್ಗಿತ್ತಿಯ ಸಹಿಯನ್ನೇ ಈಗ ತಾನು ನಕಲು ಮಾಡಬೇಕಿತ್ತು. ಅದೊಂದು ಮಾತ್ರ ಅವಳಿಗೆ ಚುಚ್ಚಿತು. ಆದರೆ ರಮಜಾನಬಿ ಮಾರ್ಚಿನಲ್ಲಿ ರಿಟೈರಾಗಿ, ಮಗನ ಚಿನ್ನದ ಗಣಿ ಕ್ವಾರ್ಟರ್ಸಿಗೆಂದು ಹಟ್ಟಿಗೆ ಹೋಗಿದ್ದರು. ಇದು ನಿಮ್ಮ ಸಹಿಯೇ ಎಂದು ಕೇಳಲು ಹಟ್ಟಿಯ ತನಕ ಯಾರು ಹೋಗುತ್ತಾರೆ?

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಲಿಂಗಸುಗೂರಿಗೆ ಹೋದಳು. ಕೇಸ್‌ಬುಕ್ಕಿನ ನಂಬರು ನೋಡಿಕೊಳ್ಳಬೇಕು ಎಂದದ್ದೇ ತಡ, ಹೊಸ ಸಿಸ್ಟರು ತಲೆ ಎತ್ತದೆ ಕಪಾಟು ತೋರಿಸಿದರು. ಹೆರಿಗೆ ಕೋಣೆಯ ರಿಜಿಸ್ಟರು ತೆರೆದರೆ ಮೇಜು ತುಂಬುವಷ್ಟು ಅಗಲ. ಎಡ ಪುಟದಲ್ಲಿ ತಾಯಿಯ ಹೆಸರು, ಊರು, ನಂಬರು, ಹೆರಿಗೆಯ ಹೊತ್ತು, ಮಗುವಿನ ತೂಕ. ಬಲ ಪುಟ ವಾರ್ಡಿನವರು ಆಮೇಲೆ ತುಂಬುವುದು. ಕೇಸ್‌ಬುಕ್ಕಿಗೆ ಬೇಕಾದದ್ದೆಲ್ಲ ಎಡಕ್ಕೇ ಇರುವುದರಿಂದ ಅದರ ಫೋಟೋ ಹೊಡೆದುಕೊಂಡು ಮುಚ್ಚಿಡುವುದು ಎಲ್ಲ ವಿದ್ಯಾರ್ಥಿಗಳ ರೂಢಿ. ಅವಳೂ ಮೂರು ದಿನದ ಎಡ ಪುಟ ಹೊಡೆದುಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ಫೋಟೋ ನೋಡುತ್ತ, ಗೆಳತಿಯರು ಊಟಕ್ಕೆ ಹೋಗುವ ಮಧ್ಯಾಹ್ನದ ಹೆರಿಗೆಗಳನ್ನೇ ಆರಿಸಿದಳು. ಅವನ್ನು ಬೇರೆ ಯಾರೂ ತಮ್ಮ ಬುಕ್ಕಿನಲ್ಲಿ ಬರೆದುಕೊಂಡಿರಲಿಲ್ಲ. ಒಂಬತ್ತಕ್ಕೆ ಒಂದು, ಹತ್ತಕ್ಕೆ ಒಂದು. ಹನ್ನೊಂದಕ್ಕೆ ಎರಡಿದ್ದವು. ಮೊದಲನೆಯದು ಹಟ್ಟಿಯ ಹಾಜಿರಾಬೀ. ಎರಡನೆಯದನ್ನು ನೋಡಿ ಅವಳ ಕೈ ನಿಂತಿತು. ಗದ್ದೆಮ್ಮ, ಇಪ್ಪತ್ನಾಲ್ಕು ವರ್ಷ, ವಳಕಮದಿನ್ನಿ. ಮಧ್ಯಾಹ್ನ ಎರಡೂ ಹತ್ತು. ಹೆಣ್ಣು, ಎರಡೂವರೆ ಕಿಲೋ.

ಅದೇ ಹನ್ನೊಂದರ ಮಧ್ಯಾಹ್ನ ಅವ್ವ ಹೋಗಿದ್ದಳು. ಮಸ್ಕಿಯಲ್ಲಿ ಒಬ್ಬ ಗದ್ದೆಮ್ಮ ಕೊನೆಯುಸಿರು ಬಿಡುವ ಹೊತ್ತಿಗೆ ಲಿಂಗಸುಗೂರಿನಲ್ಲಿ ಇನ್ನೊಬ್ಬ ಗದ್ದೆಮ್ಮ ಮಗಳನ್ನು ಹೆತ್ತಿದ್ದಳು. ಅನುಪಮಾಗೆ ಬಸ್ಸಿನಲ್ಲೇ ಅಳು ಬಂತು. ಪಕ್ಕದ ಮುದುಕಿ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟಳು. ಯಾವ ಹೆರಿಗೆಯಾದರೂ ನಡೆಯುತ್ತಿತ್ತು, ನಿಜ. ಆದರೆ ಇಪ್ಪತ್ತನೆಯದು ಇದೇ ಎಂದು ಮಸ್ಕಿ ಬರುವಷ್ಟರಲ್ಲಿ ತೀರ್ಮಾನವಾಗಿತ್ತು.

ಮುಂದಿನದನ್ನು ಅವಳು ಅಚ್ಚುಕಟ್ಟಾಗಿ ಮಾಡಿದಳು. ಅವ್ವನ ಆಶಾ ಡೈರಿಯಲ್ಲಿ ಖಾಲಿ ಉಳಿದಿದ್ದ ಪುಟಗಳಲ್ಲಿ ರಮಜಾನಬಿಯ ಸಹಿಯನ್ನು ನೂರಾರು ಸಲ ತಿದ್ದಿ ಕೈಗೆ ಕೂರಿಸಿಕೊಂಡಳು. ಮೂರು ಕೇಸಿಗೆ ಮೂರು ಪೆನ್ನು. ಒಂದು ಪುಟದ ಅಂಚಿಗೆ ಬೆಟಾಡಿನ್ ಔಷಧದ ಕಲೆ. ಬರೆದ ಹಾಳೆಗಳನ್ನು ಎರಡು ದಿನ ಬಿಸಿಲಿಗಿಟ್ಟಳು. ಮೊದಲ ಎರಡು ಕೇಸು ಎಲ್ಲರ ಬುಕ್ಕಿನಲ್ಲೂ ಇರುವ ಹಾಗೆ ಒಣಒಣ ಬರೆದಳು. ಮೂರನೆಯದಕ್ಕೆ ಹಾಗೆ ಬರೆಯಲು ಮನಸ್ಸಾಗಲಿಲ್ಲ. ಹನ್ನೊಂದರ ಮುಂದಕ್ಕೆ ತನ್ನ ಹಾಜರಿಯಿಲ್ಲ ಎಂಬುದನ್ನೂ ಮರೆತು, ಹೆತ್ತ ಮೇಲಿನ ಮೂರು ದಿನದ ಆರೈಕೆಯನ್ನೂ ಬರೆದಳು. ಮೊದಲ ದಿನ ತಾಯಿಗೆ ಮೈ ಒರೆಸಿ ಸೀರೆ ಬದಲಿಸಿದ್ದು. ಎರಡನೆಯ ದಿನ ಅವಳು ಗಂಜಿ ಕುಡಿದು, ಮಗುವಿಗೆ ಹಾಲೂಡಿಸಿ ನಕ್ಕದ್ದು. ಮೂರನೆಯ ದಿನ ಅತ್ತೆಯ ಕೈ ಹಿಡಿದು ನಡೆದು ಮನೆಗೆ ಹೋದದ್ದು. ಅವ್ವನಿಗೆ ಮಾಡಲಾಗದ್ದನ್ನೆಲ್ಲ ಈ ಗದ್ದೆಮ್ಮನಿಗೆ ಮಾಡಿದಳು. ಬರೆದು ಮುಗಿಸಿದಾಗ ಎಷ್ಟೋ ತಿಂಗಳ ಮೇಲೆ ಅವಳಿಗೆ ಹಸಿವಾಯಿತು.

ಪ್ರಿನ್ಸಿಪಾಲರು ಬುಕ್ಕು ತಿರುವಿ, “ಬ್ಯಾರೆ ಕೇಸು ಆಗಿದ್ವು ಅಂತ ಅವತ್ತ ಹೇಳಬಾರ್ದೇನು, ಹುಚ್ಚಿ?” ಎಂದು ಸೀಲು ಹೊಡೆದರು. ಅವ್ವ ತೀರಿದ ತಾರೀಖು ಅವರಿಗೆ ನೆನಪಿರಲಿಲ್ಲ.

“ದುಃಖದಾಗ ಮರ್ತಿದ್ದೆ ಸರ್,” ಎಂದಳು. ಅದನ್ನೂ ಮೊದಲೇ ಯೋಚಿಸಿಟ್ಟಿದ್ದಳು.

ಗೆಳತಿಯರದಂತೂ ಭಯವೇ ಇರಲಿಲ್ಲ. ಅವ್ವ ತೀರಿದ ಮೇಲೆ ಅವಳು ತಿಂಗಳು ಬಿಟ್ಟು ಕಾಲೇಜಿಗೆ ಬಂದಾಗ ಅವರೆಲ್ಲ ಬಲು ನಾಜೂಕಾಗಿ ನಡೆದುಕೊಂಡಿದ್ದರು. ಆಸ್ಪತ್ರೆಯ ಸುದ್ದಿ ಮಾತಾಡುತ್ತಿದ್ದವರು ಇವಳನ್ನು ಕಂಡರೆ ಮಾತು ತಿರುಗಿಸುತ್ತಿದ್ದರು. ಯಾರೂ ಅವಳ ಮುಂದೆ ಸಾವು ಎಂಬ ಶಬ್ದವನ್ನೇ ಎತ್ತಲಿಲ್ಲ.

ಜೂನಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಅದೇ ಆಸ್ಪತ್ರೆಯಲ್ಲಿ ನಡೆಯಿತು. ಹೊರಗಿನಿಂದ ಪರೀಕ್ಷೆ ಮಾಡಲು ಬಂದವರು ಸುರೇಖಾ ಮೇಡಂ. ಪ್ರತಿ ಬುಕ್ಕಿನ ಒಂದು ಕೇಸನ್ನು ರಿಜಿಸ್ಟರಿಗೆ ಹಿಡಿದು ನೋಡುವುದು ಅವರ ಪದ್ಧತಿ ಎಂದು ಹುಡುಗಿಯರು ಹೆದರಿ ಹಣ್ಣಾಗಿದ್ದರು. ಅನುಪಮಾ ಹೆದರಲಿಲ್ಲ. ಸುಮ್ಮನೆ ಹೆಸರು ಹುಟ್ಟಿಸಿದವರು ಹೆದರಬೇಕು. ಅವಳದು ಅಕ್ಷರಕ್ಕೆ ಅಕ್ಷರ ಕೂಡುತ್ತಿತ್ತು.

ಮೇಡಂ ಬುಕ್ಕು ತಿರುವುತ್ತ ಕೊನೆಯ ಕೇಸಿನಲ್ಲಿ ನಿಂತರು. ನಿಧಾನವಾಗಿ ಓದಿದರು.

“ಬಾಳ ಛಲೋ ಬರ್ದೀಯವ್ವ. ಇಷ್ಟು ಅಂತಃಕರಣದಿಂದ ಯಾರೂ ಬರಿಯಂಗಿಲ್ಲ. ನೀನ ಮಾಡ್ಸಿದ್ದೇನು?”

“ಹೌದ್ರಿ ಮೇಡಂ.”

“ಮೂರೂ ದಿನ ನೀನ ನೋಡ್ಕೊಂಡೆ?”

“ನಾನ ನೋಡ್ಕೊಂಡೀನ್ರಿ.” ಅದು ಸುಳ್ಳೆಂದು ಅವಳಿಗೇ ಅನ್ನಿಸಲಿಲ್ಲ.

ರಿಜಿಸ್ಟರು ಬಂತು. ಮೇಡಂ ಡಿಸೆಂಬರ್ ಹನ್ನೊಂದು ತೆಗೆದು ಎಡ ಪುಟದ ಮೇಲೆ ಬೆರಳಿಟ್ಟರು. ಹೆಸರು ಕೂಡಿತು. ನಂಬರು ಕೂಡಿತು. ಹೊತ್ತು, ತೂಕ, ಎಲ್ಲ ಕೂಡಿದವು. ಅನುಪಮಾ ನೆಮ್ಮದಿಯಿಂದ ಉಸಿರು ಬಿಟ್ಟಳು. ಡಿಸೆಂಬರಿಗೆ ಫೋಟೋಕ್ಕೆ ಹಾಕುವ ಮಾಲೆ ಮಲ್ಲಿಗೆಯದೇ ಇರಲಿ ಅಂದುಕೊಂಡಳು.

“ಹಂಗಾರ ತಾಯಿ ಹೆಂಗದಾಳ?” ಎಂದು ಮೇಡಂ ಕೇಳಿದರು.

“ಆರಾಮ ಅದಾಳ್ರಿ. ಮೂರನೇ ದಿನ ಮನಿಗಿ ಹೋದ್ಳು.”

ಸುರೇಖಾ ಮೇಡಂ ಬೆರಳನ್ನು ಅದೇ ಸಾಲಿನ ಮೇಲೆ ಬಲಕ್ಕೆ ಸರಿಸಿ, ನಡುವಿನ ಹೊಲಿಗೆ ದಾಟಿಸಿ, ಬಲ ಪುಟದಲ್ಲಿ ನಿಲ್ಲಿಸಿದರು. ಅಲ್ಲಿ ವಾರ್ಡಿನವರ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ ಎರಡು ಸಾಲು ಇತ್ತು: ರಕ್ತಸ್ರಾವ ನಿಲ್ಲಲಿಲ್ಲ. ತಾಯಿ ಮರಣ, ಅದೇ ದಿನ ಸಂಜೆ ನಾಲ್ಕೂ ಇಪ್ಪತ್ತು. ಅನುಪಮಾ ಅದನ್ನು ಎರಡು ಸಲ ಓದಿದಳು. ಪರೀಕ್ಷೆ, ಡಿಗ್ರಿ, ಡಿಸೆಂಬರು ಯಾವುದೂ ನೆನಪಾಗಲಿಲ್ಲ. ವಳಕಮದಿನ್ನಿಯಲ್ಲಿ ಎರಡೂವರೆ ಕಿಲೋದ ಒಂದು ಹೆಣ್ಣುಕೂಸು ತನ್ನ ಹಾಗೆಯೇ ತಬ್ಬಲಿಯಾಗಿ ಆರು ತಿಂಗಳಾಗಿತ್ತು. ಅವ್ವ ಸಾಯುವ ತನಕ ದಿನವೂ ಕೇಳಿದ ಆ ಒಂದೇ ಮಾತನ್ನು, ಮೇ ತಿಂಗಳಲ್ಲಿ ರಿಜಿಸ್ಟರಿನ ಮುಂದೆ ನಿಂತಾಗ ಅವಳು ಕೇಳಿರಲಿಲ್ಲ.