ಕುರ್ಚಿ ತಿರುಗುವಷ್ಟು ಜಾಗ

“ಒಂದೀಟ ಹಿಂದಕ್ಕ ತಗೋ. ಈಗ ಎಡಕ್ಕ.”

ದಾನೇಶ್ವರಿ ಗಾಲಿಕುರ್ಚಿಯ ಹಿಡಿಕೆಗಳನ್ನು ಬಲವಾಗಿ ಎಳೆದಳು. ಕುರ್ಚಿ ಹಿಂದಕ್ಕೂ ಬರಲಿಲ್ಲ, ಎಡಕ್ಕೂ ಹೋಗಲಿಲ್ಲ. ಒಂದು ಗಾಲಿ ಮಂಚಕ್ಕೆ ಸಿಕ್ಕಿತ್ತು, ಇನ್ನೊಂದು ಅವಳ ಓದುವ ಟೇಬಲ್ಲಿಗೆ.

“ಬರವಲ್ದು ಮುತ್ಯಾ.”

“ಹಂಗಾರ ನಿಮ್ಮವ್ವನ್ನ ಕರಿ.” ಮುತ್ಯಾ ಕಣ್ಣು ಮುಚ್ಚಿಕೊಂಡ.

ಅವ್ವ ಚನ್ನವ್ವ ಆಗಷ್ಟೇ ಅಂಗನವಾಡಿಯಿಂದ ಬಂದಿದ್ದಳು. ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟು ಬಂದಳು. ಟೇಬಲ್ ಎಳೆದಳು, ಕುರ್ಚಿಯನ್ನು ಹೊರಗೆ ದಬ್ಬಿದಳು, ಟೇಬಲ್ಲನ್ನು ಮತ್ತೆ ಒಳಗೆ ಸರಿಸಿದಳು. ದಿನಕ್ಕೆ ಐದಾರು ಸಲ ಇದೇ ಕೆಲಸ.

ಮುತ್ಯಾ, ಅಂದರೆ ಅಜ್ಜ ಮಡಿವಾಳಪ್ಪ, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಅವನ ದನಿ ಕೇಳದವರಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ, ಎರಡು ತಿಂಗಳ ಹಿಂದೆ ಡಾಕ್ಟರು ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಬಚ್ಚಲಿಗೆ ಹತ್ತಿರ ಅಂತ ದಾನೇಶ್ವರಿಯ ಕೋಣೆಯನ್ನು ಅವನಿಗೆ ಕೊಟ್ಟರು. ಅವಳು ಪಡಸಾಲೆಗೆ ಬಂದಳು. ಟೇಬಲ್ ಮಾತ್ರ ಅಲ್ಲೇ ಉಳಿಯಿತು.

ಅವತ್ತು ರೊಟ್ಟಿ ತಟ್ಟುತ್ತಾ ಅವ್ವ ಹೇಳಿದಳು, “ದಾನಿ, ಆ ಟೇಬಲ್ ಮಾಳಿಗಿ ಮ್ಯಾಲ ಇಡೋಣು. ನನ್ನ ರಟ್ಟಿ ಬಿದ್ದ ಹೋಗ್ಯಾವು.”

ದಾನೇಶ್ವರಿ ತಲೆ ಎತ್ತಿದಳು. ಅವಳು ಐದನೆಯ ಕ್ಲಾಸಿಗೆ ಬಂದಾಗ ಅಪ್ಪ ಬಡಿಗೇರ ಕಾಳಪ್ಪನಿಂದ ಮಾಡಿಸಿದ ಟೇಬಲ್ ಅದು. ಮಾಳಿಗೆಯ ಬಿಸಿಲಿಗೆ ಹಲಗೆ ಸೀಳಿಹೋಗುತ್ತದೆ.

“ಐತವಾರದ ತನಕ ಬಿಡವ್ವ. ನಾ ಆ ಕೋಣಿ ದೊಡ್ಡದ ಮಾಡ್ತೇನಿ.”

“ಗ್ವಾಡಿ ಹಿಂದಕ್ಕ ಸರಸ್ತಿ ಏನು?” ಅವ್ವ ಕೇಳಿದಳು. ನಗಲಿಲ್ಲ.

ಶನಿವಾರ ಸಾಲಿ ಬಿಟ್ಟ ಮೇಲೆ ದಾನೇಶ್ವರಿ ಅವ್ವನ ಮೊಬೈಲಿನಲ್ಲಿ ವಿಡಿಯೋ ನೋಡಿದಳು. ತಿಳಿ ಬಣ್ಣ ಬಳಿದರೆ ಸಣ್ಣ ಕೋಣೆ ದೊಡ್ಡದಾಗಿ ಕಾಣುತ್ತದಂತೆ. ಕಿಟಕಿಯ ಎದುರು ಕನ್ನಡಿ ಹಾಕಿದರೆ ಬೆಳಕು ಎರಡು ಪಟ್ಟಾಗುತ್ತದಂತೆ. ಅವಳು ಟೇಪು ಹಿಡಿದು ಅಳತೆ ತೆಗೆದಳು. ಹತ್ತಡಿ ಉದ್ದ, ಎಂಟೂವರೆ ಅಡಿ ಅಗಲ. ಗ್ರಾಫ್ ಹಾಳೆಯ ಮೇಲೆ ಕೋಣೆ ಬರೆದಳು. ಮಂಚಕ್ಕೊಂದು, ಟೇಬಲ್ಲಿಗೊಂದು, ಕಪಾಟಿಗೊಂದು ಕಾಗದದ ತುಂಡು ಕತ್ತರಿಸಿ, ಅಲ್ಲಿಂದಿಲ್ಲಿಗೆ ಸರಿಸಿ ಸರಿಸಿ ನೋಡಿದಳು. ಕೊನೆಗೆ ಎಲ್ಲವೂ ಕೂತವು. ನಡುವೆ ಜಾಗವೂ ಉಳಿಯಿತು.

ಅಪ್ಪನಿಗೆ ಮುಳವಾಡದ ಪಂಪ್‌ಹೌಸಿನಲ್ಲಿ ಕೆಲಸ. ವಾರಕ್ಕೊಮ್ಮೆ ಬರುತ್ತಿದ್ದ. ಬಂದವನಿಗೆ ನಿದ್ದೆ ಬೇಕಿತ್ತು. ಆದರೂ ಐತವಾರ ಮುಂಜಾನೆ ಮಗಳ ಹಾಳೆ ನೋಡಿ ಎದ್ದು ಬ್ರಷ್ ಹಿಡಿದ. ಹಳೇ ಹಸಿರು ಗೋಡೆಗಳು ಕೆನೆಬಣ್ಣಕ್ಕೆ ತಿರುಗಿದವು. ಮಂಚ ಬಾಗಿಲ ಪಕ್ಕಕ್ಕೆ ಬಂತು, ಟೇಬಲ್ ಕಿಟಕಿಯ ಕೆಳಗೆ. ಅವ್ವನ ಉದ್ದನೆಯ ಕನ್ನಡಿ ಕಿಟಕಿಯ ಎದುರಿನ ಗೋಡೆಗೆ ಏರಿತು. ಸಂಜೆಯಾಗುವಷ್ಟರಲ್ಲಿ ಅಪ್ಪನ ಕಣ್ಣು ಕೆಂಪಾಗಿದ್ದವು.

ಮುತ್ಯಾನನ್ನು ಒಳಗೆ ಕರೆತಂದರು. ಕೋಣೆ ಖರೇನೇ ದೊಡ್ಡದಾಗಿ ಕಾಣುತ್ತಿತ್ತು.

“ಹೆಂಗೈತಿ ಮುತ್ಯಾ?”

ಮುತ್ಯಾ ಗೋಡೆ ನೋಡಿದ, ಕಿಟಕಿ ನೋಡಿದ. ಆಮೇಲೆ ಕನ್ನಡಿ. ಅದರಲ್ಲಿ ಒಬ್ಬ ಮುದುಕ ಕುರ್ಚಿಯಲ್ಲಿ ಕೂತಿದ್ದ. ಅವನ ಧೋತರದ ಒಂದು ಕಡೆ ಮಡಚಿಕೊಂಡಿತ್ತು.

“ಚೊಲೊ ಆಗೈತವಾ,” ಎಂದು ಮುತ್ಯಾ ಮುಖ ತಿರುಗಿಸಿದ. ಕುರ್ಚಿಯನ್ನೂ ತಿರುಗಿಸಲು ನೋಡಿದ. ಗಾಲಿ ಮಂಚಕ್ಕೆ ಬಡಿದು ನಿಂತಿತು. ಹಿಂದೆ ತೆಗೆದುಕೊಂಡ. ಟೇಬಲ್ಲಿಗೆ ಬಡಿಯಿತು.

ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ.

ದಾನೇಶ್ವರಿ ತನ್ನ ಹಾಳೆ ಬಿಚ್ಚಿ ನೋಡಿದಳು. ಮಂಚ ಇತ್ತು, ಟೇಬಲ್ ಇತ್ತು, ಕಪಾಟು ಇತ್ತು. ಗಾಲಿಕುರ್ಚಿಗೆ ಅವಳು ಕಾಗದವನ್ನೇ ಕತ್ತರಿಸಿರಲಿಲ್ಲ.

ಅವಳು ಸ್ಟೂಲ್ ಹತ್ತಿ ಕನ್ನಡಿ ಇಳಿಸಿದಳು. “ಅಪ್ಪಾ, ಟೇಬಲ್ ಹೊರಗ ತಗೀರಿ.”

“ಬ್ಯಾಡ,” ಎಂದ ಮುತ್ಯಾ. “ಅದು ಹುಡಿಗಿ ಜಾಗಾ.”

“ಇರಲಿ ಮುತ್ಯಾ. ಮಂಚ ಎಲ್ಲಿ ಇಡೋಣು, ನೀನ ಹೇಳು.”

ಎರಡು ತಿಂಗಳಿಂದ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಮುತ್ಯಾ ಸುತ್ತ ಒಮ್ಮೆ ನೋಡಿದ. “ಬಸ್ಸಿನ್ಯಾಗ ಎಲ್ಲಾರೂ ಬಾಗಲದಾಗ ನಿಂತ ಜಾಗಾ ಇಲ್ಲ ಅಂತಿದ್ರು. ಒಳಗ ಹೋಗ್ರಿ ಅಂತ ಒದರಿ ಒದರಿ ಸಾಕಾಗಿತ್ತು. ಈ ಮಂಚನೂ ಬಾಗಲದಾಗ ನಿಂತೈತಿ ನೋಡ್ರಿ. ಆ ಮೂಲಿಗೆ ಕಳಸ್ರಿ ಅದನ್ನ.”

ಅಪ್ಪ ಎದ್ದ. ಮಂಚ ಮೂಲೆಗೆ ಹೋಯಿತು, ಟೇಬಲ್ ಪಡಸಾಲೆಗೆ ಬಂತು. ಮುತ್ಯಾ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದ. ಅರ್ಧ ಸುತ್ತು. ಪೂರ್ತಿ ಸುತ್ತು. ಇನ್ನೊಂದು ಸುತ್ತು.

ಪಡಸಾಲೆಯಲ್ಲಿ ಈಗ ನಡೆಯಲು ದಾರಿ ಇರಲಿಲ್ಲ. ಮರುದಿನ ಸಂಜೆ ಕಾಳಪ್ಪ ಬಂದು ಟೇಬಲ್ಲಿನ ನಾಲ್ಕೂ ಕಾಲು ಬಿಚ್ಚಿದ. ಹಲಗೆಗೆ ಕೀಲು ಹಾಕಿ ಗೋಡೆಗೆ ಕೂರಿಸಿದರೆ ಬೇಕೆಂದಾಗ ಬಿಚ್ಚಬಹುದು, ಸಾಕೆಂದಾಗ ಮಡಚಬಹುದು. ಡ್ರಾವರ್ ಮಾತ್ರ ಇನ್ನಿಲ್ಲ.

“ಮುತ್ಯಾನ ಕೋಣ್ಯಾಗನ ಹೊಡಿ ಕಾಳಪ್ಪಣ್ಣ,” ಎಂದಳು ಅವ್ವ. “ಮಡಚಿದ್ರ ಕುರ್ಚಿಗೇನೂ ಅಡ್ಡ ಆಗಂಗಿಲ್ಲ. ಓದಾಕ ಅಲ್ಲಿ ಗದ್ದಲಿಲ್ಲ.”

ದಾನೇಶ್ವರಿಗೂ ಅದೇ ಬೇಕಿತ್ತು. ಜಾಗ ತೋರಿಸಲು ಅವಳು ಕೋಣೆಯತ್ತ ಓಡಿದಳು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮುತ್ಯಾ ಒಳಗಿನಿಂದ ಕುರ್ಚಿಯನ್ನು ಹಿಂದಕ್ಕೆ ತಂದ. ತಿರುಗಿಸಿದ. ಕೈ ಚಾಚಿ ಬಾಗಿಲನ್ನು ತಾನೇ ಎಳೆದುಕೊಂಡ.

ಬಾಗಿಲು ಮುಚ್ಚಿತು.

ಬಡಿಯಲು ಎತ್ತಿದ ಕೈಯನ್ನು ದಾನೇಶ್ವರಿ ಇಳಿಸಿದಳು. ಎರಡು ತಿಂಗಳಿಂದ ಈ ಕೋಣೆಗೆ ಯಾರೂ ಕೇಳಿ ಬಂದಿರಲಿಲ್ಲ. ಗಾಯ ಕಟ್ಟಲು ನರ್ಸ್ ಬರುತ್ತಿದ್ದಳು. ಗಂಜಿ ಹಿಡಿದು ಅವ್ವ. ಕಾಲು ನೋಡಲು ಓಣಿಯವರು. ಪುಸ್ತಕ, ಪೆನ್ಸಿಲ್ಲು, ರಬ್ಬರು ಅಂತ ತಾನು ಎಷ್ಟು ಸಲ ನುಗ್ಗಿದ್ದಳೋ. ಪ್ರತಿಸಲವೂ ಮುತ್ಯಾ ಮಡಚಿದ ಧೋತರದ ಮೇಲೆ ಟವೆಲ್ ಎಳೆದುಕೊಳ್ಳುತ್ತಿದ್ದ.

ಒಳಗೆ ಗಾಲಿ ಸರಿದ ಸದ್ದು. ಆಮೇಲೆ ಉದ್ದನೆಯ ಒಂದು ಉಸಿರು. ಆಮೇಲೆ ಏನೂ ಇಲ್ಲ.

“ಎಲ್ಲಿ ಹೊಡೀಲೆವಾ?” ಕಾಳಪ್ಪ ಹಲಗೆಯನ್ನು ಹೊತ್ತು ಬಂದ.

“ಪಡಸಾಲ್ಯಾಗ ಹೊಡಿರಿ,” ಎಂದಳು ದಾನೇಶ್ವರಿ. “ಒಂದ ಸ್ವಲ್ಪ ತಡದ ಹೊಡಿರಿ. ಸಪ್ಪಳ ಆಗ್ತೈತಿ.”